ಬ್ರಿಟನ್‌ನಲ್ಲಿ ಕೆಲಸ ಬಿಟ್ಟಾಗ ಬಾಕಿ ರಜೆಗೆ ಎಷ್ಟು ದುಡ್ಡು ಬರಬೇಕು?

ಊರಲ್ಲಿ ಇ.ಎಲ್. (ಗಳಿಕೆ ರಜೆ) ಎನ್‌ಕ್ಯಾಶ್‌ಮೆಂಟ್ ಅನ್ನುತ್ತೇವಲ್ಲ, ಬ್ರಿಟನ್‌ನಲ್ಲಿ ಅದು ಸಿಗುವುದು ಕೆಲಸ ಬಿಡುವಾಗ ಮಾತ್ರ. ಕೆಲಸದಲ್ಲಿರುವಾಗ ಕಾನೂನಿನ ರಜೆಯನ್ನು ಮಾರಿಕೊಳ್ಳುವಂತಿಲ್ಲ. ಬಿಡುವ ದಿನಕ್ಕೆ ಉಳಿದಿದ್ದರೆ ಮಾಲೀಕರು ಅದಕ್ಕೆ ದುಡ್ಡು ಕೊಡಲೇಬೇಕು. ನೀವಾಗಿ ರಾಜೀನಾಮೆ ಕೊಟ್ಟಿದ್ದರೂ ಸರಿ, ದೊಡ್ಡ ತಪ್ಪಿಗಾಗಿ ಅವರೇ ತೆಗೆದುಹಾಕಿದ್ದರೂ ಸರಿ. ಕೇರ್ ಹೋಮ್, ವೇರ್‌ಹೌಸ್, ಹೋಟೆಲ್‌ಗಳಲ್ಲಿ ಪಾರ್ಟ್‌ಟೈಮ್ ದುಡಿಯುವ ನಮ್ಮ ವಿದ್ಯಾರ್ಥಿಗಳು ಜೀರೋ ಅವರ್ ಕಾಂಟ್ರಾಕ್ಟ್ (ಇಷ್ಟು ಗಂಟೆ ಕೆಲಸ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಇಲ್ಲದ ಒಪ್ಪಂದ) ಅಂದರೆ ರಜೆ ಇಲ್ಲ ಎಂದುಕೊಂಡುಬಿಡುತ್ತಾರೆ. ಹಾಗಲ್ಲ. ಏಜೆನ್ಸಿ ಮೂಲಕ ಹೋದವರಿಗೂ ಈ ಹಕ್ಕು ಇದೆ.

ಮೊದಲು ಕಾಗದಪತ್ರ. ಕೊನೆಯ ದಿನ ಮುಗಿಯುತ್ತಿದ್ದಂತೆ ಕಂಪನಿಯ ಲಾಗಿನ್ ಬಂದ್ ಆಗುವುದೇ ಹೆಚ್ಚು. ಆದ್ದರಿಂದ ನೋಟಿಸ್ ಕೊಟ್ಟ ವಾರದಲ್ಲೇ ಪೇಸ್ಲಿಪ್‌ಗಳು, ಕಾಂಟ್ರಾಕ್ಟ್, ರೋಟಾ (ಶಿಫ್ಟ್ ಪಟ್ಟಿ), ರಜೆ ಮಂಜೂರಾದ ಇಮೇಲ್‌ಗಳು ಎಲ್ಲವನ್ನೂ ಇಳಿಸಿಟ್ಟುಕೊಳ್ಳಿ.

ಕಾಂಟ್ರಾಕ್ಟ್‌ನಲ್ಲಿ ರಜೆಯ ವರ್ಷ ಯಾವಾಗ ಶುರುವಾಗುತ್ತದೆ ಎಂದು ನೋಡಿ. ಜನವರಿ 1 ಇರಬಹುದು, ಏಪ್ರಿಲ್ 1 ಇರಬಹುದು. ಏನೂ ಬರೆದಿಲ್ಲದಿದ್ದರೆ ನೀವು ಕೆಲಸಕ್ಕೆ ಸೇರಿದ ತಾರೀಖೇ ಶುರು.

ವಾರಕ್ಕೆ ಇಷ್ಟೇ ದಿನ ಎಂದು ಗೊತ್ತಿರುವ ಕೆಲಸವಾದರೆ ಲೆಕ್ಕ ಸುಲಭ. 1998ರ ವರ್ಕಿಂಗ್ ಟೈಮ್ ರೆಗ್ಯುಲೇಶನ್ಸ್ ಪ್ರಕಾರ ವರ್ಷಕ್ಕೆ 5.6 ವಾರ ರಜೆ. ಅಂದರೆ ವಾರಕ್ಕೆ 5 ದಿನ ದುಡಿಯುವವರಿಗೆ 28 ದಿನ, 3 ದಿನದವರಿಗೆ 16.8 ದಿನ. ಇದನ್ನು ರಜೆ ವರ್ಷದಲ್ಲಿ ಕಳೆದ ಭಾಗದಿಂದ ಗುಣಿಸಿ, ತೆಗೆದುಕೊಂಡ ರಜೆಯನ್ನು ಕಳೆಯಿರಿ.

ಒಂದು ಲೆಕ್ಕ ಮಾಡಿಯೇ ನೋಡೋಣ. ರಜೆ ವರ್ಷ 2025ರ ಜನವರಿ 1ಕ್ಕೆ ಶುರು, ಕೆಲಸದ ಕೊನೆಯ ದಿನ ಆಗಸ್ಟ್ 31. ಕಳೆದದ್ದು 243 ದಿನ. 28 × 243 ÷ 365 = 18.64. ತೆಗೆದುಕೊಂಡ ರಜೆ 7 ದಿನ. ಬ್ಯಾಂಕ್ ಹಾಲಿಡೇಗಳೂ (ಸಾರ್ವಜನಿಕ ರಜಾದಿನಗಳು) ಆ 28ರೊಳಗೇ ಸೇರಿದ್ದರೆ, ಇಂಗ್ಲೆಂಡ್‌ನಲ್ಲಿ ಆ ವರ್ಷ ಆಗಸ್ಟ್ ಕೊನೆಯವರೆಗೆ ಬಂದ 6 ದಿನಗಳನ್ನೂ ಕಳೆಯಬೇಕು. ಉಳಿದದ್ದು 5.64 ದಿನ. ಡಿಸೆಂಬರ್‌ನ ಎರಡು ಬ್ಯಾಂಕ್ ಹಾಲಿಡೇ ಸೇರಿಸಿ 8 ಕಳೆದಿದ್ದಾರಾ ಎಂದು ಗಮನಿಸಿ. ನೀವು ಇಲ್ಲದ ದಿನದ ರಜೆಯನ್ನು ನಿಮ್ಮ ಲೆಕ್ಕದಿಂದ ಕಳೆಯುವಂತಿಲ್ಲ. 5.64 ಅನ್ನು 5 ಮಾಡುವಂತೆಯೂ ಇಲ್ಲ.

ದೊಡ್ಡ ನಷ್ಟ ಆಗುವುದು ದಿನದ ಸಂಬಳ ಹಿಡಿಯುವಲ್ಲಿ. ವರ್ಷಕ್ಕೆ 26,000 ಪೌಂಡ್ ಸಂಬಳ ಅಂದರೆ ವಾರಕ್ಕೆ 500, ಐದು ದಿನದ ಕೆಲಸವಾದರೆ ದಿನಕ್ಕೆ 100. ಬಾಕಿ 564 ಪೌಂಡ್. ಕೆಲವು ಕಡೆ 26,000ವನ್ನು 365ರಿಂದ ಭಾಗಿಸಿ ದಿನಕ್ಕೆ 71.23 ಎಂದು ಹಿಡಿಯುತ್ತಾರೆ. ಆಗ ಕೈಗೆ ಬರುವುದು ಸುಮಾರು 402 ಮಾತ್ರ. ರಜೆಯನ್ನು ಕೆಲಸದ ದಿನಗಳಲ್ಲಿ ಎಣಿಸಿ, ಸಂಬಳವನ್ನು ಶನಿವಾರ ಭಾನುವಾರಕ್ಕೂ ಹಂಚುವುದು ತಪ್ಪು. (ಈ ಮೊತ್ತಕ್ಕೆ ಟ್ಯಾಕ್ಸ್, ನ್ಯಾಷನಲ್ ಇನ್ಶೂರೆನ್ಸ್ ಹಿಡಿಯುವುದು ಮಾಮೂಲು, ಅದಕ್ಕೆ ಗಾಬರಿ ಬೇಡ.)

ಸಂಬಳ ವಾರವಾರಕ್ಕೂ ಏರಿಳಿಯುತ್ತಿದ್ದರೆ ಸಂಬಳ ಬಂದ ಕೊನೆಯ 52 ವಾರಗಳ ಸರಾಸರಿ ತೆಗೆಯಬೇಕು. ಸಂಬಳವೇ ಇಲ್ಲದ ವಾರವನ್ನು ಬಿಟ್ಟು ಹಿಂದಕ್ಕೆ ಹೋಗಿ, ಆದರೆ 104 ವಾರಕ್ಕಿಂತ ಹಿಂದೆ ಬೇಡ.

ಶಿಫ್ಟ್ ಗೊತ್ತಿಲ್ಲದ ಕೆಲಸದವರಿಗೆ ದಾರಿ ಬೇರೆ. 2024ರ ಏಪ್ರಿಲ್ 1ರಂದು ಅಥವಾ ನಂತರ ಶುರುವಾದ ರಜೆ ವರ್ಷಗಳಲ್ಲಿ, ದುಡಿದ ಗಂಟೆಯ 12.07% ರಜೆಯಾಗಿ ಜಮಾ ಆಗುತ್ತದೆ. ವರ್ಷದ 52 ವಾರದಲ್ಲಿ 5.6 ರಜೆ ಹೋದರೆ ಕೆಲಸಕ್ಕೆ ಉಳಿಯುವುದು 46.4; ಆ ಅನುಪಾತವೇ ಈ 12.07. ಸಂಬಳದ ಪ್ರತಿ ಅವಧಿಗೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಅರ್ಧ ಗಂಟೆ ಅಥವಾ ಹೆಚ್ಚಿದ್ದರೆ ಪೂರ್ತಿ ಗಂಟೆ ಹಿಡಿಯಿರಿ, ಕಡಿಮೆಯಿದ್ದರೆ ಬಿಡಿ. ನಾಲ್ಕು ತಿಂಗಳು 80, 64, 72, 85 ಗಂಟೆ ದುಡಿದಿದ್ದರೆ ಜಮಾ ಆದದ್ದು 10, 8, 9, 10. ಒಟ್ಟು 37 ಗಂಟೆ. ಆದರೆ ಪೇಸ್ಲಿಪ್‌ನಲ್ಲಿ ಹಾಲಿಡೇ ಪೇ ಎಂದು ಪ್ರತ್ಯೇಕ ಸಾಲು ಪ್ರತಿ ಸಲವೂ ಬಂದಿದ್ದರೆ ದುಡ್ಡು ಆಗಲೇ ಸೇರಿದೆ, ಮತ್ತೆ ಕೇಳುವಂತಿಲ್ಲ. ಗಂಟೆಯ ದರದಲ್ಲೇ ರಜೆಯೂ ಸೇರಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಅದು ಪೇಸ್ಲಿಪ್‌ನಲ್ಲಿ ಬೇರೆಯಾಗಿ ಕಾಣಬೇಕು.

ನೋಟಿಸ್ ಅವಧಿಯಲ್ಲೇ ರಜೆ ಮುಗಿಸಿ ಎಂದು ಮಾಲೀಕರು ಹೇಳಬಹುದು. ಆದರೆ ಕಾಂಟ್ರಾಕ್ಟ್‌ನಲ್ಲಿ ಬೇರೆ ನಿಯಮ ಇಲ್ಲದಿದ್ದರೆ, 5 ದಿನದ ರಜೆಗೆ 10 ದಿನ ಮುಂಚೆ ತಿಳಿಸಬೇಕು. ಹೆಚ್ಚು ರಜೆ ತೆಗೆದುಕೊಂಡಿದ್ದೀರಿ ಎಂದು ಕೊನೆಯ ಸಂಬಳದಲ್ಲಿ ಕಡಿತ ಮಾಡಬೇಕಾದರೂ ಅದಕ್ಕೆ ಮೊದಲೇ ಲಿಖಿತ ಒಪ್ಪಂದ ಇರಬೇಕು.

ದುಡ್ಡು ಬರದಿದ್ದರೆ ಪೇರೋಲ್‌ಗೆ ಇಮೇಲ್ ಮಾಡಿ: ರಜೆ ವರ್ಷದ ಆರಂಭ, ಕೊನೆಯ ದಿನ, ಜಮಾ ಆದದ್ದು, ತೆಗೆದುಕೊಂಡದ್ದು, ಬಾಕಿ ಮೊತ್ತ, ಉತ್ತರಕ್ಕೆ 7 ದಿನ. ಫೋನಿನ ಮಾತಿಗೆ ದಾಖಲೆ ಇರುವುದಿಲ್ಲ. ಆಗಲೂ ಕೊಡದಿದ್ದರೆ ಕೆಲಸದ ತಕರಾರುಗಳನ್ನು ಬಗೆಹರಿಸುವ ಅಲ್ಲಿನ ಸಾರ್ವಜನಿಕ ಸಂಸ್ಥೆಯಾದ ಏಕಾಸ್‌ಗೆ ಅರ್ಲಿ ಕನ್ಸಿಲಿಯೇಶನ್ (ಮೊಕದ್ದಮೆಗೆ ಮುಂಚಿನ ರಾಜಿ ಸಂಧಾನ) ಅರ್ಜಿ ಹಾಕಿ, ಇದಕ್ಕೆ ಶುಲ್ಕವಿಲ್ಲ. ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್‌ಗೆ (ಕೆಲಸದ ವ್ಯಾಜ್ಯಗಳ ನ್ಯಾಯಮಂಡಳಿ) ಹೋಗಲು ಈ ಹೆಜ್ಜೆ ಬೇಕೇ ಬೇಕು. ಏಕಾಸ್ ಅರ್ಜಿಗೆ ಗಡುವು ಮೂರು ತಿಂಗಳಿಗೆ ಒಂದು ದಿನ ಕಡಿಮೆ ಎಂದೇ ಹಿಡಿದು ನಡೆಯಿರಿ: ಆಗಸ್ಟ್ 31ಕ್ಕೆ ಬರಬೇಕಿದ್ದ ದುಡ್ಡಿಗೆ ನವೆಂಬರ್ 30. ಕೊಡುತ್ತೇವೆ, ಮುಂದಿನ ತಿಂಗಳು ಎನ್ನುತ್ತಲೇ ಈ ದಿನ ದಾಟಿಸಿಬಿಡುತ್ತಾರೆ. ಊರಿಗೆ ವಾಪಸಾಗುವವರು ಕೊನೆಯ ಸಂಬಳ ಬಂದು ಲೆಕ್ಕ ತಾಳೆಯಾಗುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ.