ಸಣ್ಣ ರೀಫ್ ಟ್ಯಾಂಕಿಗೆ ಫಿಲ್ಟರ್ ತಗೊಳ್ಳುವ ಮುಂಚೆ

50-60 ಲೀಟರಿನ ಉಪ್ಪುನೀರಿನ ರೀಫ್ ಟ್ಯಾಂಕ್, ಅಂದರೆ ಸಮುದ್ರದ ಹವಳದ ಬಂಡೆಯ ಮಾದರಿಯ ಅಕ್ವೇರಿಯಂ, ಶುರು ಮಾಡುವವರೆಲ್ಲ ಮೊದಲು ಕೇಳುವುದು, ಯಾವ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡುವ ಡಬ್ಬಿ ಫಿಲ್ಟರ್) ಒಳ್ಳೆಯದು ಅಂತ. ಆ ದುಡ್ಡನ್ನು ಕಲ್ಲಿಗೂ ನೀರಿಗೂ ಹಾಕಿ. ಇಲ್ಲಿ ನಿಜವಾದ ಫಿಲ್ಟರ್ ಅಂದರೆ ತೂತು ತೂತಾದ ಕಲ್ಲೇ. ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಮೀನಿನ ಕೊಳೆಯಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ, ಅವು ನೆಲೆಯೂರಲು ಸಾಮಾನ್ಯವಾಗಿ 4-6 ವಾರ ಬೇಕು, ಅಲ್ಲಿಯವರೆಗೆ ದಯವಿಟ್ಟು ಮೀನು ಬಿಡಬೇಡಿ. ಸಮುದ್ರದಿಂದ ಕಿತ್ತ ಹವಳದ ಕಲ್ಲು ಮಾತ್ರ ಬೇಡ. ಹವಳಕ್ಕೆ ನಮ್ಮಲ್ಲಿ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಸೆರಾಮಿಕ್ ಕಲ್ಲು ಸಾಕು.

ಕ್ಯಾನಿಸ್ಟರ್ ಯಾಕೆ ಬೇಡ ಅಂದರೆ, ಮುಚ್ಚಿದ ಡಬ್ಬಿ ಅಲ್ವಾ, ಒಳಗಿನ ಕೊಳೆ ಕಣ್ಣಿಗೆ ಬೀಳುವುದಿಲ್ಲ. ಎರಡು ತಿಂಗಳು ತೆರೆಯದೆ ಬಿಟ್ಟಿದ್ದ ನನ್ನ ಕ್ಯಾನಿಸ್ಟರಿನ ಸ್ಪಂಜು ಹಿಂಡಿದಾಗ ಕಾಫಿ ಚರಟದಂಥ ಕಂದು ನೀರು ಸುರಿಯಿತು. ಆ ಕೊಳೆಯೆಲ್ಲ ಕೊಳೆತು ನೈಟ್ರೇಟ್ ಆಗುತ್ತಿತ್ತು, ಅದೇ ಪಾಚಿಗೆ ಗೊಬ್ಬರ, ಟ್ಯಾಂಕಿನಲ್ಲಿ ಪಾಚಿ ಸುಮ್ನೆ ಬಂದಿರಲಿಲ್ಲ.

ಈಗ ಹಿಂದೆ ತೂಗುಹಾಕುವ ಚಿಕ್ಕ ಫಿಲ್ಟರ್, ಅದರಲ್ಲಿ ಬಿಳಿ ಫ್ಲಾಸ್ (ಕೊಳೆ ಹಿಡಿಯುವ ಹತ್ತಿಯಂಥ ಪದರ), ಸ್ವಲ್ಪ ಕಾರ್ಬನ್ (ಇದ್ದಿಲು). ಫ್ಲಾಸನ್ನು ಮೂರು ದಿನಕ್ಕೊಮ್ಮೆ ಬದಲಿಸುತ್ತೇನೆ. ವಾರಕ್ಕೊಮ್ಮೆ ಶೇ. 10-15 ನೀರು ಬದಲಾವಣೆ ತಪ್ಪಿಸದಿದ್ದರೆ, ಮೀನು ಒಂದೆರಡೇ ಇದ್ದರೆ, ಇಷ್ಟು ಚಿಕ್ಕ ಟ್ಯಾಂಕಿಗೆ ಸ್ಕಿಮ್ಮರ್ (ಕೊಳೆಯನ್ನು ನೊರೆಯ ಜೊತೆ ತೆಗೆಯುವ ಸಾಧನ) ಕೂಡ ಬೇಕಾಗಿಲ್ಲ. ಉಪ್ಪು ಕಲಸಲು ಆರ್‌ಓಡಿಐ ನೀರೇ (ಲವಣ, ಕಲ್ಮಶ ತೆಗೆದ ಶುದ್ಧ ನೀರು) ಬಳಸಿ, ಬೋರ್‌ವೆಲ್ ನೀರು ಬೇಡವೇ ಬೇಡ. ಆವಿಯಾದ ನೀರಿನ ಜಾಗಕ್ಕೆ ಉಪ್ಪಿಲ್ಲದ ನೀರನ್ನೇ ಹಾಕಿ, ಉಪ್ಪು ಆವಿಯಾಗುವುದಿಲ್ಲ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಏರ್ ಪಂಪ್ ಒಂದನ್ನು ಮೊದಲೇ ತಂದಿಟ್ಟುಕೊಳ್ಳಿ.