ಎಂ3ಯು ಫೈಲ್ ಓದುವುದು ಹೇಗೆ?

ಇಂಟರ್ನೆಟ್ ಟಿವಿಯ ಪ್ಲೇಲಿಸ್ಟ್ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ, ಅದು ಎಲ್ಲಿ ಸಿಗುತ್ತದೆ ಎಂಬ ವಿಳಾಸವಷ್ಟೇ ಇರುತ್ತದೆ. ಎಂ3ಯು ಅಥವಾ ಎಂ3ಯು8 ಎಂದು ಮುಗಿಯುವ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಬರೀ ಅಕ್ಷರಗಳು.

ತಲೆಕೆಡಿಸುವ ಸಂಗತಿಯೆಂದರೆ, ಒಂದೇ ಹೆಸರಿನಲ್ಲಿ ಎರಡು ಬಗೆಯ ಫೈಲುಗಳು ಓಡಾಡುತ್ತವೆ. ಎರಡರ ಮೊದಲ ಸಾಲೂ #ಎಕ್ಸ್‌ಟಿಎಂ3ಯು (ಫೈಲಿನಲ್ಲಿ ಇಂಥ ಪದಗಳು ಇಂಗ್ಲಿಷ್ ದೊಡ್ಡಕ್ಷರದಲ್ಲಿರುತ್ತವೆ).

ಮೊದಲನೆಯದು ಚಾನೆಲ್ ಪಟ್ಟಿ. ಸಾಮಾನ್ಯವಾಗಿ ಒಂದು ಚಾನೆಲ್‌ಗೆ ಎರಡು ಸಾಲು. #ಎಕ್ಸ್‌ಟಿಇನ್ಫ್ ಎಂದು ಶುರುವಾಗುವ ಸಾಲಿನಲ್ಲಿ -1 (ನೇರಪ್ರಸಾರ, ಹಾಗಾಗಿ ಅವಧಿ ಇಲ್ಲ), ಲೋಗೊ, ಗುಂಪು, ಕೊನೆಗೆ ಅಲ್ಪವಿರಾಮ ಹಾಕಿ ‘ಡಿಡಿ ಚಂದನ’ದಂಥ ಹೆಸರು. ಕೆಳಗಿನ ಸಾಲಿನಲ್ಲಿ ವಿಳಾಸ. ಈ ಜೋಡಿ ತಪ್ಪಿದರೆ ಒಂದರ ಹೆಸರು ಒತ್ತಿದಾಗ ಇನ್ನೊಂದು ಚಾನೆಲ್ ಬರುತ್ತದೆ. ತಿದ್ದಲು ವರ್ಡ್ ಬಳಸಲೇಬೇಡಿ: ಅದು ಲೋಗೊ, ಗುಂಪುಗಳ ವಿವರವನ್ನು ಸುತ್ತುವರಿದ ನೇರ ಉದ್ಧರಣ ಚಿಹ್ನೆಗಳನ್ನು ಬಾಗಿಸಿಬಿಡುತ್ತದೆ, ಆಗ ಲೋಗೊ, ಗುಂಪು ಎರಡೂ ಮಾಯ. ಕನ್ನಡ ಹೆಸರು ಕೆಡದಿರಲು ಯುಟಿಎಫ್-8ರಲ್ಲಿ (ಎಲ್ಲ ಭಾಷೆಗಳ ಅಕ್ಷರಗಳನ್ನೂ ಉಳಿಸುವ ಸಂಕೇತ ಕ್ರಮ) ಸೇವ್ ಮಾಡಿ. ಎಂ3ಯು8ರ ಬಾಲದಲ್ಲಿರುವ 8 ಅದನ್ನೇ ಹೇಳುತ್ತದೆ.

ಎರಡನೆಯದು ಎಚ್‌ಎಲ್‌ಎಸ್ ಪಟ್ಟಿ; ಎಚ್‌ಎಲ್‌ಎಸ್ ಎಂದರೆ ವಿಡಿಯೊವನ್ನು ಸಣ್ಣ ತುಣುಕುಗಳಾಗಿ ಕಳಿಸುವ, ಆಪಲ್ 2009ರಲ್ಲಿ ತಂದ ವಿಧಾನ. #ಎಕ್ಸ್‌ಟಿ-ಎಕ್ಸ್ ಎಂದು ಶುರುವಾಗುವ ಸಾಲುಗಳು ಕಂಡರೆ ಇದೇ ಎಂದು ತಿಳಿಯಿರಿ. ಇದರ ಮೇಲಿನ ಹಂತದಲ್ಲಿ ಬೇರೆ ಬೇರೆ ಗುಣಮಟ್ಟದ ಪಟ್ಟಿಗಳಿಗೆ ದಾರಿ ಇರುತ್ತದೆ. ಬ್ಯಾಂಡ್‌ವಿಡ್ತ್ 2500000 ಎಂದಿದ್ದರೆ ಸೆಕೆಂಡಿಗೆ 2.5 ಮೆಗಾಬಿಟ್, ನಿಮ್ಮ ಸಂಪರ್ಕ ಅದಕ್ಕಿಂತ ನಿಧಾನವಾಗಿದ್ದರೆ ಆ ಗುಣಮಟ್ಟದ ಚಿತ್ರ ನಿಂತು ನಿಂತು ಬರುತ್ತದೆ. ಕೆಳಗಿನ ಹಂತದಲ್ಲಿ ಕೆಲವೇ ಸೆಕೆಂಡುಗಳ ತುಣುಕುಗಳ ಹೆಸರು. ಆಪಲ್ ಸೂಚಿಸುವುದು 6 ಸೆಕೆಂಡ್. ನೇರಪ್ರಸಾರದಲ್ಲಿ ಹಳೆಯ ತುಣುಕು ಬಿಟ್ಟುಹೋಗುತ್ತ ಹೊಸದು ಸೇರುತ್ತಿರುತ್ತದೆ, ಪ್ಲೇಯರ್ ಪಟ್ಟಿಯನ್ನು ಮತ್ತೆ ಮತ್ತೆ ತರಿಸಿಕೊಳ್ಳುತ್ತದೆ. ಈ ಫೈಲನ್ನು ಡೌನ್‌ಲೋಡ್ ಮಾಡಿಟ್ಟುಕೊಂಡವರಿಗೆ ಏನೂ ಓಡದಿರುವುದು ಅದಕ್ಕೇ. ತುಣುಕುಗಳ ಹೆಸರು ಸರ್ವರ್ ಹೆಸರಿಲ್ಲದ ಅರ್ಧ ವಿಳಾಸವಾಗಿದ್ದರಂತೂ ಪ್ಲೇಯರ್ ಅವನ್ನು ನಿಮ್ಮ ಡಿಸ್ಕಿನಲ್ಲೇ ಹುಡುಕುತ್ತದೆ! ಚಾನೆಲ್ ಪಟ್ಟಿಯನ್ನು ಉಳಿಸಿಟ್ಟುಕೊಳ್ಳಬಹುದು. ಎಚ್‌ಎಲ್‌ಎಸ್‌ನ ವಿಳಾಸ ಮಾತ್ರ ಇಟ್ಟುಕೊಳ್ಳಿ.

ಚಾನೆಲ್ ಓಡದಿದ್ದರೆ ಇಡೀ ಪಟ್ಟಿಯನ್ನು ದೂರಬೇಡಿ. ಒಂದೇ ವಿಳಾಸ ನಕಲಿಸಿ, ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಕಂಟ್ರೋಲ್ ಮತ್ತು ಎನ್ ಒತ್ತಿ ಅಂಟಿಸಿ. ಕಂಟ್ರೋಲ್ ಮತ್ತು ಎಂ ಒತ್ತಿದರೆ ಸಂದೇಶಗಳು ಕಾಣುತ್ತವೆ. 404 ಎಂದರೆ ಆ ವಿಳಾಸದಲ್ಲಿ ಈಗ ಏನೂ ಇಲ್ಲ. 403 ಎಂದರೆ ಸರ್ವರ್ ನಿಮ್ಮನ್ನು ಒಳಬಿಡುತ್ತಿಲ್ಲ: ವಿಳಾಸದಲ್ಲಿರುವ ಟೋಕನ್‌ನ (ತಾತ್ಕಾಲಿಕ ಪ್ರವೇಶ ಸಂಕೇತದ) ಅವಧಿ ಮುಗಿದಿರಬಹುದು, ಅಥವಾ ಪ್ರಸಾರದ ಹಕ್ಕು ಭಾರತಕ್ಕಷ್ಟೇ ಸೀಮಿತವಾಗಿರಬಹುದು. ವಿದೇಶದಲ್ಲಿರುವ ಕನ್ನಡಿಗರಿಗೆ ಎದುರಾಗುವುದು ಹೆಚ್ಚಾಗಿ ಎರಡನೆಯದು. ವಿಎಲ್‌ಸಿಯಲ್ಲಿ ಓಡಿ ಬ್ರೌಸರಿನಲ್ಲಿ ಓಡದಿದ್ದರೆ ಅದು ಬ್ರೌಸರಿನ ಸುರಕ್ಷತಾ ನಿಯಮದ ತಡೆ ಇರಬಹುದು, ಪಟ್ಟಿಯದೇ ತಪ್ಪು ಎಂದುಕೊಳ್ಳಬೇಡಿ.

ಚಿತ್ರ ಬಂದರೂ ಕಾರ್ಯಕ್ರಮಗಳ ವೇಳಾಪಟ್ಟಿ ಖಾಲಿಯೇ? ಚಾನೆಲ್ ಪಟ್ಟಿಯ ಟಿವಿಜಿ-ಐಡಿ (ಚಾನೆಲ್‌ನ ಗುರುತು) ಮತ್ತು ವೇಳಾಪಟ್ಟಿ ಇರುವ ಎಕ್ಸ್‌ಎಂಎಲ್‌ಟಿವಿ ಫೈಲಿನ ಚಾನೆಲ್ ಐಡಿ ಅಕ್ಷರಕ್ಕೆ ಅಕ್ಷರ ಹೊಂದುತ್ತವೆಯೇ ನೋಡಿ, ಚುಕ್ಕಿ, ಖಾಲಿ ಜಾಗ, ದೊಡ್ಡಕ್ಷರ ಸಮೇತ.