ಪೋಷಕತ್ವಕ್ಕೆ ಬಂದ ಮಗುವಿನ ಆರೋಗ್ಯ ನೋಡಿಕೊಳ್ಳುವುದು ಹೇಗೆ?

ಹೆತ್ತವರ ಬಳಿ ಇರಲಾಗದ ಮಗುವನ್ನು, ದತ್ತು ಕೊಡದೆ, ಸ್ವಲ್ಪ ಕಾಲ ಬೇರೆ ಕುಟುಂಬದಲ್ಲಿ ಬೆಳೆಸುವುದೇ ಪೋಷಕತ್ವ (ಫಾಸ್ಟರ್ ಕೇರ್). ಮಗುವನ್ನು ಆ ಮನೆಗೆ ಒಪ್ಪಿಸುವುದು ಮಕ್ಕಳ ಕಲ್ಯಾಣ ಸಮಿತಿ. ಅದರ ಆದೇಶ ಕೈಗೆ ಬಂದ ದಿನ ಪೋಷಕ ಕುಟುಂಬದವರು ಕೇಳುವುದು ಶಾಲೆಯ ಬಗ್ಗೆ, ಆಧಾರ್ ಬಗ್ಗೆ, ಬ್ಯಾಂಕ್ ಖಾತೆಯ ಬಗ್ಗೆ. ದವಾಖಾನೆಯ ಮಾತು ಬರುವುದು ಮಗುವಿಗೆ ಮೊದಲ ಸಲ ಜ್ವರ ಬಂದಾಗ. ಆಗ ಡಾಕ್ಟರು ಕೇಳುತ್ತಾರೆ: "ಈ ಹುಡುಗಗ ಮೊದಲು ಫಿಟ್ಸ್ ಬಂದಿತ್ತೇನ್ರಿ? ಯಾವುದಾದ್ರೂ ಗುಳಿಗಿ ಆಗಿಬರೂದಿಲ್ಲೇನು?" ಮನೆಯವರ ಬಳಿ ಉತ್ತರ ಇರುವುದಿಲ್ಲ.

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಈ ಮಕ್ಕಳು ಎಷ್ಟು ಮನೆ ದಾಟಿ ಬಂದಿರುತ್ತಾರೆ ಯೋಚಿಸಿ. ಹುಟ್ಟಿದ್ದು ತಾಂಡಾದಲ್ಲಿ ಇರಬಹುದು. ಅಪ್ಪ ಅವ್ವ ಕಬ್ಬು ಕಡಿಯಲು ಹೋದಾಗ ಮಹಾರಾಷ್ಟ್ರದ ಗುಡಿಸಲಲ್ಲಿ ಬೆಳೆದಿರಬಹುದು. ಆಮೇಲೆ ಅಜ್ಜಿ ಮನೆ, ಆಮೇಲೆ ಬಾಲಮಂದಿರ. ಪ್ರತಿ ಕಡೆಯೂ ಯಾರೋ ದವಾಖಾನೆಗೆ ತೋರಿಸಿದ್ದಾರೆ, ಅಲ್ಲಿ ಏನೋ ಬರೆದುಕೊಟ್ಟಿದ್ದಾರೆ. ಆ ಚೀಟಿಗಳು ಮಾತ್ರ ಒಂದು ಕಡೆ ಸೇರಿಲ್ಲ. ಈ ಮಕ್ಕಳ ಮಟ್ಟಿಗೆ ಡಾಕ್ಟರು ಸಿಗದಿರುವುದಕ್ಕಿಂತ ಇದೇ ದೊಡ್ಡ ತೊಂದರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಿಂದಿನವರು ತಪಾಸಣೆ ಮಾಡಿಸಿದ್ದಾರೆ ಅಂತ ಇವರು ಅಂದುಕೊಳ್ಳುತ್ತಾರೆ, ಮುಂದಿನವರು ಮಾಡಿಸುತ್ತಾರೆ ಅಂತ ಅವರು. ಒಂದು ಕಿವಿ ಕೇಳದ ಮಗು ಮೂರು ಮನೆಯಲ್ಲಿ "ಹೇಳಿದ್ದು ಕೇಳೋದಿಲ್ಲ" ಅಂತ ಬೈಸಿಕೊಳ್ಳುತ್ತದೆ.

2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂನಲ್ಲಿ ಪೋಷಕತ್ವದ ನಿಯಮಗಳಿವೆ. ಮಗುವಿನ ಶಿಕ್ಷಣ, ಆರೋಗ್ಯ, ಊಟದ ಹೊಣೆ ಪೋಷಕ ಕುಟುಂಬದ್ದು. ಸಮಿತಿ ಪ್ರತಿ ತಿಂಗಳು ಮಗುವಿನ ಯೋಗಕ್ಷೇಮ ನೋಡಬೇಕು. ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಇಷ್ಟು ತಿಳಿದಿದ್ದರೆ ಸಾಕು, ಕೆಲಸಕ್ಕೆ ಬರೋಣ.

ಮೊದಲು: ಕಾಗದ ಕೇಳಿ ತೆಗೆದುಕೊಳ್ಳಿ

ಮಗುವನ್ನು ಒಪ್ಪಿಸುವ ದಿನವೇ ಆರೋಗ್ಯದ ಕಾಗದ ಕೇಳಿ. ಸಂಕೋಚ ಬೇಡ. ಬಾಲಮಂದಿರದಲ್ಲಿ ಇದ್ದ ಮಗುವಾದರೆ ಅಲ್ಲಿ ವೈದ್ಯಕೀಯ ದಾಖಲೆ ಇರಲೇಬೇಕು. ಮಗುವಿನ ವೈಯಕ್ತಿಕ ಪಾಲನಾ ಯೋಜನೆಯಲ್ಲಿ ಆರೋಗ್ಯದ ಭಾಗವೂ ಇರುತ್ತದೆ. ಅದರ ಜೆರಾಕ್ಸ್ ಕೊಡಿ ಅನ್ನಿ.

ನೀವು ಮಾತಾಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿರುವ ಅಸಾಂಸ್ಥಿಕ ವಿಭಾಗದ ರಕ್ಷಣಾಧಿಕಾರಿಯ ಜೊತೆ. ಸಂಸ್ಥೆಯ ಹೊರಗೆ, ಮನೆಗಳಲ್ಲಿ ಬೆಳೆಯುವ ಮಕ್ಕಳ ವಿಷಯ ನೋಡುವವರು ಅವರೇ. ಅವರ ನಂಬರ್ ಫೋನಿನಲ್ಲಿ ಇರಲಿ, ಗೋಡೆಯ ಮೇಲೂ ಬರೆದಿರಲಿ.

ಲಸಿಕೆ ಬರೆದಿಡುವ ಹಳೆಯ ತಾಯಿ ಕಾರ್ಡ್ ಕಳೆದುಹೋಗಿದ್ದರೆ? ಮಗು ಹುಟ್ಟಿದ ಊರಿನ ಅಂಗನವಾಡಿ ರಿಜಿಸ್ಟರಿನಲ್ಲಿ, ಆರೋಗ್ಯ ಉಪಕೇಂದ್ರದ ಪುಸ್ತಕದಲ್ಲಿ ಹೆಸರು ಸಿಗಬಹುದು. ಆ ಊರಿನ ಆಶಾ ಅಕ್ಕನಿಗೆ ಒಂದು ಫೋನು ಮಾಡಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ. ಅಥಣಿ, ರಾಯಬಾಗ ಕಡೆಯ ಮಕ್ಕಳನ್ನು ಮೀರಜ್, ಸಾಂಗ್ಲಿಯಲ್ಲಿ ತೋರಿಸಿರುವುದು ಮಾಮೂಲಿ. ಚೀಟಿ ಮರಾಠಿಯಲ್ಲಿದೆ ಅಂತ ಬಿಸಾಡಬೇಡಿ. ಓದಬಲ್ಲವರು ನಮ್ಮ ಕಡೆ ಪ್ರತಿ ಓಣಿಯಲ್ಲೂ ಇದ್ದಾರೆ.

ಹೆತ್ತವ್ವ ಅಥವಾ ಅಜ್ಜಿಯ ಜೊತೆ ಮಾತಾಡಲು ಸಮಿತಿ ಒಪ್ಪಿದರೆ ಕೂತು ಕೇಳಿ. ದಿನ ತುಂಬುವ ಮೊದಲೇ ಹುಟ್ಟಿತ್ತೇ, ಹುಟ್ಟಿದ ಕೂಡಲೇ ಅತ್ತಿತ್ತೇ, ಫಿಟ್ಸ್ ಬಂದಿತ್ತೇ, ಯಾವುದಕ್ಕೆ ಮೈಯೆಲ್ಲ ದದ್ದು ಏಳುತ್ತದೆ, ಮನೆಯಲ್ಲಿ ಯಾರಿಗಾದರೂ ಟಿಬಿ, ಸಕ್ಕರೆ ಕಾಯಿಲೆ ಇದೆಯೇ. ತಪ್ಪು ಹುಡುಕುವ ದನಿಯಲ್ಲಿ ಕೇಳಿದರೆ ಬಾಯಿ ಕಟ್ಟುತ್ತದೆ. "ಯವ್ವಾ, ಇವನಿಗೆ ಏನು ಸೇರತೈತಿ, ಏನು ಸೇರೂದಿಲ್ಲ, ನೀನೇ ಹೇಳು" ಅಂದರೆ ಅವರೇ ಎಲ್ಲ ಬಿಡಿಸಿ ಹೇಳುತ್ತಾರೆ.

ಬಂದದ್ದೆಲ್ಲ ಒಂದೇ ಫೈಲಿನಲ್ಲಿ ಹಾಕಿ. ಮೇಲೆ ಒಂದು ಹಾಳೆ: ರಕ್ತದ ಗುಂಪು, ಅಲರ್ಜಿ, ಈಗ ನಡೆಯುತ್ತಿರುವ ಔಷಧ, ಮುಂದಿನ ದವಾಖಾನೆ ತಾರೀಖು. ಮನೆಯಲ್ಲಿ ಒಬ್ಬರೇ ಆ ಫೈಲಿನ ಹೊಣೆ ಹೊರಬೇಕು. ಎಲ್ಲರೂ ನೋಡಿಕೊಳ್ಳುತ್ತೇವೆ ಅಂದರೆ ಯಾರೂ ನೋಡುವುದಿಲ್ಲ.

ನಡೆಯುತ್ತಿರುವ ಔಷಧ ನಿಲ್ಲಬಾರದು

ಇದು ಎಲ್ಲಕ್ಕಿಂತ ತುರ್ತಿನದು. ಫಿಟ್ಸ್ ಗುಳಿಗೆ ತಟ್ಟನೆ ನಿಂತರೆ ಫಿಟ್ಸ್ ಜೋರಾಗಿ ಬರಬಹುದು. ಟಿಬಿ ಔಷಧ ನಡುವೆ ಬಿಟ್ಟರೆ ಕಾಯಿಲೆ ಔಷಧಕ್ಕೆ ಬಗ್ಗದಂತಾಗಬಹುದು. ಎಚ್‌ಐವಿ ಇರುವ ಮಗುವಿಗೆ ದಿನವೂ ಎಆರ್‌ಟಿ ಗುಳಿಗೆ ಬೇಕು. ಅದು ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಉಚಿತ. ಜಿಲ್ಲೆ ಬದಲಾದರೆ ಹಳೆಯ ಕೇಂದ್ರದಿಂದ ಹೊಸ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಿ. ಮಗು ಮನೆಗೆ ಬರುವ ದಿನ ಕನಿಷ್ಠ ಒಂದು ತಿಂಗಳ ಔಷಧ ಅದರ ಜೊತೆ ಇರಬೇಕು. ಇಲ್ಲದಿದ್ದರೆ ಕೊಟ್ಟ ಮೇಲೆಯೇ ಕರೆದುಕೊಂಡು ಹೋಗುತ್ತೇವೆ ಅಂತ ಹೇಳುವ ಹಕ್ಕು ನಿಮಗಿದೆ ಎಂದೇ ನಾನು ತಿಳಿಯುತ್ತೇನೆ.

ಮೊದಲ ತಿಂಗಳಲ್ಲೇ ಪೂರ್ತಿ ತಪಾಸಣೆ

ಮಗು ಚೆನ್ನಾಗಿಯೇ ಕಂಡರೂ ತೋರಿಸಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಿಂದ ಶುರು ಮಾಡಬಹುದು. ಎತ್ತರ, ತೂಕ, ಕಣ್ಣು, ಕಿವಿ, ಹಲ್ಲು, ಚರ್ಮ, ರಕ್ತ. ಹಿಮೋಗ್ಲೋಬಿನ್ 5ರಿಂದ 11 ವರ್ಷದ ಮಕ್ಕಳಲ್ಲಿ (ಡೆಸಿಲೀಟರಿಗೆ) 11.5 ಗ್ರಾಂಗಿಂತ ಕಡಿಮೆ ಇದ್ದರೆ, 12ರಿಂದ 14 ವರ್ಷದವರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಊರುಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲಿನ ಮೇಲೆ ಕಂದು ಕಲೆ ಕಂಡರೆ ಹಲ್ಲು ಉಜ್ಜಿಲ್ಲ ಅಂತ ಬೈಯುವ ಮೊದಲು ದಂತವೈದ್ಯರಿಗೆ ತೋರಿಸಿ.

ಶಾಲೆಗೆ ವರ್ಷಕ್ಕೊಮ್ಮೆ ಆರ್‌ಬಿಎಸ್‌ಕೆ ತಂಡ ಬರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು, 18 ವರ್ಷದವರೆಗಿನ ಮಕ್ಕಳಿಗೆ ಅನ್ವಯ. ಹುಟ್ಟಿನ ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ನಿಧಾನ, ಈ ನಾಲ್ಕನ್ನೂ ಅವರು ನೋಡುತ್ತಾರೆ. ಅವರು ಬರೆದುಕೊಟ್ಟರೆ ಮುಂದಿನ ಚಿಕಿತ್ಸೆ, ಬೇಕಾದರೆ ಆಪರೇಷನ್ನೂ, ಉಚಿತ. ನಿಮ್ಮ ಮಗು ತಂಡ ಬಂದು ಹೋದ ಮೇಲೆ ಆ ಶಾಲೆಗೆ ಸೇರಿರಬಹುದು. ಆಗ ಅದು ಆ ವರ್ಷದ ಪಟ್ಟಿಯಲ್ಲೇ ಇರುವುದಿಲ್ಲ. ತಂಡದ ಡಾಕ್ಟರನ್ನು ನೀವೇ ಹುಡುಕಿ ಹೋಗಿ.

ಮಗು ಲಂಬಾಣಿ ಅಥವಾ ಮರಾಠಿ ಮಾತಾಡುವುದಾದರೆ ಡಾಕ್ಟರಿಗೆ ಮೊದಲೇ ತಿಳಿಸಿ. ಎಲ್ಲಿ ನೋಯುತ್ತದೆ ಅಂತ ಮಗು ತನ್ನ ಮಾತಿನಲ್ಲಿ ಹೇಳಲಿ.

ಲಸಿಕೆ, ಗುಳಿಗೆ

ಹೆಚ್ಚಾಗಿ ಈ ಯೋಜನೆಗೆ ಬರುವುದು ಆರು ವರ್ಷ ದಾಟಿದ ಮಕ್ಕಳು. 5–6 ವರ್ಷದ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು) ಬೂಸ್ಟರ್, 10 ಮತ್ತು 16ನೇ ವರ್ಷದ ಟಿಡಿ (ಧನುರ್ವಾಯು, ಗಂಟಲಮಾರಿ) ಆಗಿದೆಯೇ ನೋಡಿ. ಕಾರ್ಡ್ ಎಲ್ಲೂ ಸಿಗದಿದ್ದರೆ ಹಾಕಿಸಿಲ್ಲ ಎಂದೇ ಹಿಡಿದು, ವಯಸ್ಸಿಗೆ ತಕ್ಕಂತೆ ಯಾವುದು ಬೇಕೆಂದು ಡಾಕ್ಟರು ಹೇಳುತ್ತಾರೆ. ಕಬ್ಬಿಣಾಂಶದ ಗುಳಿಗೆ, ಜಂತುಹುಳದ ಗುಳಿಗೆ ಶಾಲೆಯಲ್ಲೂ ಕೊಡುತ್ತಾರೆ. ಆದ್ದರಿಂದ ಮನೆಯಲ್ಲಿ ಕೊಡುವ ಮೊದಲು ಶಾಲೆಯ ಅಕ್ಕೋರನ್ನು (ಶಿಕ್ಷಕಿಯನ್ನು) ಒಂದು ಮಾತು ಕೇಳಿ.

ಸಹಿ ಯಾರದು?

ಪೋಷಕ ಕುಟುಂಬಕ್ಕೆ ಮಗುವನ್ನು ನೋಡಿಕೊಳ್ಳುವ ಹೊಣೆ ಇದೆ, ಆದರೆ ದತ್ತು ಪಡೆದವರ ಹಾಗೆ ಅವರು ಕಾನೂನಿನ ತಂದೆ-ತಾಯಿ ಅಲ್ಲ. ಜ್ವರ, ಗಾಯ, ಲಸಿಕೆಗೆ ತೊಂದರೆ ಇಲ್ಲ. ಆಪರೇಷನ್, ಅರಿವಳಿಕೆ ಅಂದಾಗ ದವಾಖಾನೆಯವರು ಸಹಿಗೆ ನಿಲ್ಲಿಸುತ್ತಾರೆ. ಸಮಿತಿಯ ಆದೇಶದ ಪ್ರತಿ ಸದಾ ಫೈಲಿನಲ್ಲಿರಲಿ. ಮೊದಲೇ ಗೊತ್ತಿರುವ ಆಪರೇಷನ್ ಆದರೆ ಸಮಿತಿಯಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಜೀವಕ್ಕೆ ಅಪಾಯ ಇದ್ದರೆ ಏನಕ್ಕೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ದವಾಖಾನೆಗೆ ಸೇರಿಸಿ, ದಾರಿಯಲ್ಲಿ ರಕ್ಷಣಾಧಿಕಾರಿಗೆ ತಿಳಿಸಿ. ಒಪ್ಪಿಗೆ ಪಡೆಯಲು ಸಮಯವೇ ಇಲ್ಲದಾಗ ಜೀವ ಉಳಿಸಲು ಚಿಕಿತ್ಸೆ ಕೊಡುವ ಡಾಕ್ಟರಿಗೆ ಕಾನೂನಿನ ರಕ್ಷಣೆ ಇದೆ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಮಗುವಿನ ಹೆಸರು ನಿಮ್ಮ ರೇಷನ್ ಕಾರ್ಡಿನಲ್ಲಿ ಇರುವುದಿಲ್ಲ, ಅಲ್ವಾ? ಅದು ಹೆತ್ತವರ ಕಾರ್ಡಿನಲ್ಲಿರಬಹುದು. ಕಾಯಿಲೆ ಬರುವ ಮೊದಲೇ ರಕ್ಷಣಾಧಿಕಾರಿ ಜೊತೆ ಇದನ್ನು ಬಗೆಹರಿಸಿಕೊಳ್ಳಿ. ಕೋವಿಡ್‌ನಲ್ಲಿ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡು ಪಿಎಂ ಕೇರ್ಸ್ ಯೋಜನೆಗೆ ಸೇರಿದ ಮಕ್ಕಳಿಗೆ ಬೇರೆಯೇ ಕಾರ್ಡ್ ಇದೆ.

ಮನಸ್ಸಿನ ನೋವು ಮೈಮೇಲೆ ಕಾಣುತ್ತದೆ

ಈ ಭಾಗ ನಿಧಾನವಾಗಿ ಓದಿ. ಹತ್ತು ವರ್ಷದ ಹುಡುಗಿ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆ. ಇನ್ನೊಬ್ಬ ಕಟಕ ರೊಟ್ಟಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾನೆ. ಮತ್ತೊಬ್ಬಳಿಗೆ ಸಂಜೆಯಾದರೆ ಹೊಟ್ಟೆನೋವು. ಕೆಲವರು ಹೊಡೆಯುತ್ತಾರೆ, ಕೆಲವರು ಸುಮ್ನೆ ಮೂಲೆಯಲ್ಲಿ ಕೂರುತ್ತಾರೆ. ಇದೆಲ್ಲ ಹಟವಲ್ಲ. ಹಸಿದು ಮಲಗಿ ಅಭ್ಯಾಸವಾದ ಮಗು ನಾಳೆ ಊಟ ಸಿಗುತ್ತದೋ ಇಲ್ಲವೋ ಅಂತ ರೊಟ್ಟಿ ತೆಗೆದಿಡುತ್ತದೆ. ಅದನ್ನು ಕಿತ್ತುಕೊಳ್ಳಬೇಡಿ. ಒಂದು ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಾಕಿ "ಇದು ನಿಂದೇ, ಯಾವಾಗ ಬೇಕಾದ್ರೂ ತಿನ್ನು" ಅನ್ನಿ.

ಹಾಸಿಗೆ ಒದ್ದೆಯಾದರೆ ಬೈಯಬೇಡಿ, ಬೇರೆ ಮಕ್ಕಳ ಮುಂದೆ ಆ ಮಾತು ಎತ್ತಬೇಡಿ. ಮೂತ್ರದ ಸೋಂಕು ಇದೆಯೇ ಅಂತ ಮೊದಲು ಪರೀಕ್ಷೆ ಮಾಡಿಸಿ. ಹೊಟ್ಟೆನೋವಿಗೂ ಹಾಗೇ, ಮೊದಲು ದೇಹ ನೋಡಿಸಿ, ಆಮೇಲೆ ಮನಸ್ಸು. ವಾರಗಳಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿಂದ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಬರೆದುಕೊಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು.

ತನ್ನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಅಂತ ಮಗು ಹೇಳಿದರೆ ನಂಬಿ. ಕೆದಕಿ ಕೆದಕಿ ಕೇಳಬೇಡಿ. 2012ರ ಪೋಕ್ಸೋ ಕಾಯ್ದೆಯಡಿ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಅಥವಾ ಪೊಲೀಸರಿಗೆ ಫೋನ್ ಮಾಡಿ. ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು, ಅವಳು ನಂಬುವ ಒಬ್ಬರು ಜೊತೆಗಿರಬೇಕು. ಚಿಕಿತ್ಸೆ ಉಚಿತ.

ಯಾರಿಗೆ ಎಷ್ಟು ಹೇಳಬೇಕು

ಶಾಲೆಗೆ ಬೇಕಾದಷ್ಟು ಮಾತ್ರ. ಫಿಟ್ಸ್ ಇದ್ದರೆ ಅಕ್ಕೋರಿಗೆ ಗೊತ್ತಿರಲಿ, ಬಂದಾಗ ಏನು ಮಾಡಬೇಕೆಂದೂ ಗೊತ್ತಿರಲಿ. ಎಚ್‌ಐವಿ ವಿಷಯ ಶಾಲೆಗೂ ನೆರೆಮನೆಗೂ ಬೇಕಿಲ್ಲ. 2017ರ ಎಚ್‌ಐವಿ ಕಾಯ್ದೆ ಆ ಗುಟ್ಟನ್ನು ಕಾಪಾಡುತ್ತದೆ. ಮಗುವಿನ ಕಥೆ, ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಲೇಬೇಡಿ. ಗುರುತು ಹೊರಹಾಕುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ ತಡೆಯುತ್ತದೆ.

ಮಗು ಹೊರಡುವಾಗ

ಪೋಷಕತ್ವ ಮುಗಿದು ಮಗು ಹೆತ್ತವರ ಮನೆಗೋ ಬೇರೆ ಕುಟುಂಬಕ್ಕೋ ಹೋಗುವಾಗ ಮೂಲ ಫೈಲ್ ಅದರ ಜೊತೆ ಹೋಗಲಿ. ಒಂದು ಜೆರಾಕ್ಸ್ ಸೆಟ್ ರಕ್ಷಣಾಧಿಕಾರಿಗೆ ಕೊಡಿ. ಕರೆದೊಯ್ಯುವವರ ಎದುರಿಗೆ ಕೂತು ಯಾವ ಗುಳಿಗೆ ಬೆಳಿಗ್ಗೆ, ಯಾವುದು ರಾತ್ರಿ ಅಂತ ತೋರಿಸಿ. ಓದಲು ಬಾರದವರಾದರೆ ಪೊಟ್ಟಣದ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ. ಒಂದು ತಿಂಗಳ ಔಷಧ, ಮುಂದಿನ ತಪಾಸಣೆಯ ತಾರೀಖು, ಹೊಸ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಕೂಡ ಕೊಡಿ. ಹದಿನೈದು ದಿನ ಬಿಟ್ಟು ರಕ್ಷಣಾಧಿಕಾರಿಗೆ ಫೋನ್ ಮಾಡಿ, ಮಗು ಅಲ್ಲಿನ ದವಾಖಾನೆಗೆ ಹೋಗಿ ಬಂದಿತೇ ಅಂತ ಕೇಳಿ.